ಅಕ್ಕನ ಪಾಲಿನ ಇಡೀ ಕುಲ್ಫಿ

ಹೈದರಾಬಾದಿನ ಶಸ್ತ್ರವೈದ್ಯರು ಅಕ್ಕ-ತಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿ ಒಂದೇ ಮಾತು ಹೇಳಿ ಕಳಿಸಿದ್ದರು. ರಕ್ತ ಹೊಂದುತ್ತದೆ, ಅಕ್ಕನ ಕಿಡ್ನಿಗಳು ಗಟ್ಟಿಮುಟ್ಟಾಗಿವೆ, ಸಕ್ಕರೆ ಕಾಯಿಲೆಯಿಲ್ಲ. ಆದರೆ ಆಕೆಯ ತೂಕ ಎಪ್ಪತ್ತೈದು ಕಿಲೋದೊಳಗೆ ಬರುವವರೆಗೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆ ಮಾತನ್ನು ಹೊತ್ತುಕೊಂಡು ಇಬ್ಬರೂ ಬೀದರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಿಭಾಗದ ಪಕ್ಕಕ್ಕಿರುವ ನನ್ನ ಕೋಣೆಗೆ ಬಂದರು. ನಾನು ಅಲ್ಲಿನ ಆಹಾರ ತಜ್ಞೆ. ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದು ನನ್ನ ಕೆಲಸ. ಕೇಳದಿದ್ದರೆ ಬೈಯುವುದು ನನ್ನ ಚಟ. ನನ್ನ ಕುರ್ಚಿಯ ಹಿಂದಿನ ಗೋಡೆಗೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಹಲಗೆ ತೂಗುಹಾಕಿದೆ. ಮೇಡಂಗೆ ಅದರ ಮೊದಲರ್ಧ ಮಾತ್ರ ಗೊತ್ತು ಎಂದು ನರ್ಸುಗಳು ಆಡಿಕೊಳ್ಳುತ್ತಾರೆ.

ತಮ್ಮ ಔರಾದಿನಲ್ಲಿ ದರ್ಜಿ. ವಯಸ್ಸು ನಲವತ್ತು ದಾಟಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಬೀದರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಿದ್ದ. ಅವನ ಹೆಂಡತಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಆಕೆ ಕಿಡ್ನಿ ಕೊಡುವಂತಿರಲಿಲ್ಲ. ತಂದೆತಾಯಿ ಇಲ್ಲ. ಉಳಿದವಳು ಅಕ್ಕ ಒಬ್ಬಳೇ. ಇಬ್ಬರೂ ಹುಟ್ಟಿ ಬೆಳೆದದ್ದು ಖಟಕ ಚಿಂಚೋಳಿಯಲ್ಲಿ. ಅಕ್ಕನನ್ನು ಭಾಲ್ಕಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹತ್ತಿರದ ಅವನ ಅಂಗಡಿಯನ್ನು ಆಕೆಯೇ ನಡೆಸುತ್ತಿದ್ದಳು.

ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಎಂಬತ್ತಾರು ಕಿಲೋ ಮತ್ತು ಚಿಲ್ಲರೆ.

“ಅಂಗಡ್ಯಾಗ ಏನು ಮಾರ್ತೀರಿ ಅಕ್ಕಾ?” ಎಂದು ಕೇಳಿದೆ.

“ಕುಲ್ಫಿರಿ ಮೇಡಂ. ನಾನೇ ಹಾಲು ಕಾಸ್ತೇನಿ, ನಾನೇ ಅಚ್ಚಿಗಿ ತುಂಬ್ತೇನಿ.”

ನಾನು ಪೆನ್ನು ಕೆಳಗಿಟ್ಟೆ. ಹತ್ತು ಕಿಲೋಗಿಂತ ಹೆಚ್ಚು ಇಳಿಸಬೇಕಾದ ಹೆಂಗಸು ದಿನವಿಡೀ ಗಟ್ಟಿ ಹಾಲು, ಖೋವಾ, ಸಕ್ಕರೆಯ ನಡುವೆ ನಿಂತಿರುತ್ತಾಳೆ. “ದಿನಾ ಎಷ್ಟು ತಿಂತೀರಿ?” ಎಂದೆ.

“ಒಂದೂ ಇಲ್ಲರಿ. ಮಾಡಾವ್ರೇ ತಿಂದ್ರ ಮಾರೋದೇನು?”

ತಮ್ಮನೂ ತಲೆಯಾಡಿಸಿದ. “ಖರೇ ಹೇಳ್ತಾಳ್ರಿ. ಆಕಿ ಕಡ್ಡಿ ಹಿಡಕೊಂಡು ಕುಲ್ಫಿ ತಿಂದದ್ದು ನಾ ಒಮ್ಮೀನೂ ನೋಡಿಲ್ಲ.”

ನನಗೆ ಸಮಾಧಾನವಾಯಿತು. ಹಾಗಿದ್ದರೆ ಕುಲ್ಫಿ ಎಂದಿಗೂ ಬೇಡ ಎಂದು ಗಟ್ಟಿಯಾಗಿ ಹೇಳಿ, ಉಳಿದ ಊಟದ ಲೆಕ್ಕಕ್ಕೆ ಕೂತೆ.

ಕಿಡ್ನಿ ಕೊಡುವವರ ತೂಕ ಇಳಿಸುವುದು ಬೇರೆಯವರ ತೂಕ ಇಳಿಸಿದಂತಲ್ಲ. ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಬರುವ ಹುಡುಗಿಯರಿಗೆ ಅವಸರವಾದರೆ ಅವರ ಮುಖ ಬಾಡುತ್ತದೆ, ಅಷ್ಟೆ. ಇಲ್ಲಿ ಅವಸರ ಮಾಡಿದರೆ ಸ್ನಾಯು ಕರಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಪರೀಕ್ಷೆಯ ವರದಿಗಳು ಏರುಪೇರಾಗುತ್ತವೆ. ಪ್ರೋಟೀನ್ ಪುಡಿ ಕಲಸಿ ಕುಡಿಸುವಂತಿಲ್ಲ. ಯಾವ ಕಿಡ್ನಿಯನ್ನು ಬೇರೊಬ್ಬರಿಗೆ ಕೊಡಬೇಕೋ ಅದರ ಮೇಲೆಯೇ ಭಾರ ಹೇರಿದಂತಾಗುತ್ತದೆ. ಉಪವಾಸವೂ ಕೂಡದು. ತಿಂಗಳಿಗೆ ಒಂದೂವರೆ ಕಿಲೋ, ಹೆಚ್ಚೆಂದರೆ ಎರಡು. ಬೆಳಿಗ್ಗೆ ಎಣ್ಣೆ ಸುರಿದ ಚುರುಮುರಿ ಸುಸಲಾದ ಬದಲು ಮೊಳಕೆ ಕಟ್ಟಿದ ಹೆಸರು ಮತ್ತು ತೆಳ್ಳಗೆ ಹೆಚ್ಚಿದ ಸೌತೆಕಾಯಿ. ಮಧ್ಯಾಹ್ನ ಒಂದೂವರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ, ಕೆನೆ ತೆಗೆದ ಮಜ್ಜಿಗೆ. ರಾತ್ರಿ ಒಂದು ರೊಟ್ಟಿ. ಚಹಾ ಎರಡೇ ಸಲ, ಅದೂ ಸಕ್ಕರೆ ಇಲ್ಲದೆ. ಅಂಗಡಿ ತೆರೆಯುವ ಮುನ್ನ ಬಿರುಸು ನಡಿಗೆ. ಗಿಳಿಗೆ ಹೇಳಿದಂತೆ ಎರಡೆರಡು ಸಲ ಹೇಳಿದೆ. ಪ್ರತಿ ಗುರುವಾರ ನಾನು ಭಾಲ್ಕಿಯ ಹೊರರೋಗಿ ವಿಭಾಗಕ್ಕೆ ಹೋಗುತ್ತಿದ್ದುದರಿಂದ ಅಲ್ಲಿಗೇ ಬಂದು ತೂಕ ನೋಡಿಸಿಕೊಳ್ಳಲು ತಿಳಿಸಿದೆ.

ಮೊದಲ ತಿಂಗಳು ತೂಕ ಇಳಿಯಿತು. ಎರಡನೆಯ ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಮೂರನೆಯದರಲ್ಲಿ ಬಿಸಿಲು ಏರಿತು, ಕುಲ್ಫಿಯ ಹಂಗಾಮು ಬಂತು, ಅಕ್ಕನ ತೂಕವೂ ಏರಿತು. ಪ್ರತಿ ಗುರುವಾರ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ಕೇಳಿದೆ. ಆಕೆ ತಡವರಿಸದೆ ಹೇಳಿದಳು. ಆ ಊಟಕ್ಕೆ ಯಾರ ತೂಕವೂ ಏರುವಂತಿರಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಕಾಲಲ್ಲಿ ನೀರು ತುಂಬಿದೆಯೇ ಎಂದು ಒತ್ತಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಇನ್ನು ಉಳಿದದ್ದು ಒಂದೇ ಅನುಮಾನ.

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರ ಯಾರಿಗೂ ಕಾಣೂದಿಲ್ಲ ಅನ್ಕೊಳ್ತದಂತ,” ಎಂದೆ. “ನನ್ನ ಮುಂದ ಖರೇ ಹೇಳ್ರಿ ಅಕ್ಕಾ. ಕುಲ್ಫಿ ತಿಂತೀರೋ ಇಲ್ಲೋ?”

ಆಕೆಯ ಮುಖ ಕೆಂಪಗಾಯಿತು. “ತಮ್ಮನ ಆಣಿ ಮಾಡಿ ಹೇಳ್ತೇನಿ ಮೇಡಂ, ಒಂದು ಕುಲ್ಫೀನೂ ತಿಂದಿಲ್ಲ.”

ಸಾವಿನ ಅಂಚಿನಲ್ಲಿರುವ ತಮ್ಮನ ಮೇಲೆ ಸುಳ್ಳು ಆಣೆ ಮಾಡುವ ಹೆಂಗಸಲ್ಲ ಅವಳು. ಅದು ನನಗೂ ತಿಳಿಯುತ್ತಿತ್ತು. ಆದರೆ ಯಂತ್ರವೂ ಸುಳ್ಳು ಹೇಳುತ್ತಿರಲಿಲ್ಲ. ಇತ್ತ ಬೀದರಿನಲ್ಲಿ ತಮ್ಮನ ಕೈಯಲ್ಲಿ ಸೂಜಿ ಚುಚ್ಚುವ ಜಾಗ ಕೆಡುತ್ತ ಬಂದಿತ್ತು. ಇನ್ನೊಂದು ಕೈಗೆ ಶಸ್ತ್ರಕ್ರಿಯೆ ಮಾಡಿ ಹೊಸ ಜಾಗ ಸಿದ್ಧಪಡಿಸಿದ್ದರು. ಹೃದಯವೂ ದೊಡ್ಡದಾಗುತ್ತಿದೆ, ಬಹಳ ದಿನ ಕಾಯಿಸಬೇಡಿ ಎಂದು ನಮ್ಮ ವೈದ್ಯರು ನನ್ನನ್ನು ಕಂಡಾಗಲೆಲ್ಲ ಹೇಳುತ್ತಿದ್ದರು.

ಒಂದು ಗುರುವಾರ ಭಾಲ್ಕಿಯಲ್ಲಿ ರೋಗಿಗಳು ಬೇಗ ಮುಗಿದರು. ಬೀದರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನೆರಳಿಗೆ ನಿಂತುಕೊಳ್ಳೋಣವೆಂದು ಅಕ್ಕನ ಅಂಗಡಿಗೆ ಹೋದೆ. ಆಕೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸೆರಗಿನಿಂದ ಹಣೆ ಒರೆಸಿಕೊಂಡು ಕೆಲಸ ಮುಂದುವರಿಸಿದಳು. ಡೀಪ್ ಫ್ರೀಜರಿನಿಂದ ಅಲ್ಯೂಮಿನಿಯಂ ಅಚ್ಚುಗಳನ್ನು ತೆಗೆದು ನೀರಿನಲ್ಲಿ ಅದ್ದುವುದು, ಎರಡೂ ಅಂಗೈ ನಡುವೆ ತಿರುಗಿಸುವುದು, ಕಡ್ಡಿ ಹಿಡಿದು ಎಳೆಯುವುದು. ಹೆಚ್ಚಿನವು ನಯವಾಗಿ ಜಾರಿ ಬಂದವು. ಕೆಲವು ಮುರಿದವು, ಚೂಪು ತುದಿ ಅಚ್ಚಿನಲ್ಲೇ ಉಳಿಯಿತು. ಆಕೆ ಅಂಥ ಅಚ್ಚನ್ನು ಪಕ್ಕದ ಸ್ಟೀಲಿನ ಬೋಗುಣಿಯ ಅಂಚಿಗೆ ಕುಟ್ಟಿ ತುಂಡನ್ನು ಅದರೊಳಗೆ ಬೀಳಿಸುತ್ತಿದ್ದಳು. ಮಧ್ಯಾಹ್ನ ಕರೆಂಟು ಹೋದಾಗ ಮೆತ್ತಗಾಗಿ ಸೊಟ್ಟಗಾದವೂ ಅದರೊಳಗೇ ಹೋದವು. ಮಾತನಾಡುತ್ತಲೇ ಬೋಗುಣಿ ತುಂಬಿತು, ತುಂಡುಗಳು ಸೆಕೆಗೆ ಕರಗಿದವು. ಮಾತನಾಡುತ್ತಲೇ ಆಕೆ ಅದನ್ನು ಎತ್ತಿ, ನಿಂತಲ್ಲೇ, ನೀರು ಕುಡಿದಂತೆ ಗಟಗಟ ಕುಡಿದು ಕೆಳಗಿಟ್ಟಳು.

“ಅಕ್ಕಾ, ಇದೇನು?”

“ಯಾವುದ್ರಿ?”

“ಈಗ ಕುಡಿದ್ರಲ್ಲ.”

ಆಕೆ ಬೋಗುಣಿಯನ್ನು ನೋಡಿದಳು, ಆಮೇಲೆ ನನ್ನನ್ನು. “ಅದು ಮುರಿದದ್ದುರಿ. ಕುಲ್ಫಿ ಅಲ್ಲ. ಚೆಲ್ಲಿ ಹೋಗೂ ಹಾಲು.”

“ಯಾಕ ಕುಡೀಬೇಕು?”

“ಹಾಲು ಮೋರಿಗಿ ಹಾಕಬಾರದಲ್ಲರಿ ಮೇಡಂ. ಮನಿಗಿ ಒಳ್ಳೇದಲ್ಲ.”

ಚೀಲದಲ್ಲಿ ರೋಗಿಗಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದ ಸಣ್ಣ ತಕ್ಕಡಿ ಇತ್ತು. ಮತ್ತೆ ಮುರಿದವುಗಳನ್ನು ಕೂಡಿಸಿ ತೂಗಿದೆ. ಒಂದು ಬೋಗುಣಿಯಲ್ಲಿ ನಾನು ಆಕೆಗೆ ಹಾಕಿಕೊಟ್ಟ ಮಧ್ಯಾಹ್ನದ ಊಟಕ್ಕಿಂತ ಹೆಚ್ಚು ಶಕ್ತಿಯಿತ್ತು. ಹಂಗಾಮಿನಲ್ಲಿ ಅಂಥವು ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ಮುಂಜಾನೆ ಹಾಲು ಕಾಸಿದ ಪಾತ್ರೆಯ ತಳಕ್ಕೆ ಹತ್ತಿದ ಕೆನೆಯನ್ನು ಕೆರೆದು ಬಾಯಿಗೆ ಹಾಕಿಕೊಳ್ಳುವುದು ಬೇರೆ. ಅದೂ ಆಕೆಯ ಲೆಕ್ಕದಲ್ಲಿ ತಿಂದದ್ದಲ್ಲ, ಪಾತ್ರೆ ತೊಳೆದದ್ದು. ಆಣೆ ಸುಳ್ಳಾಗಿರಲಿಲ್ಲ. ಗಂಡಸರು ಮೊದಲು ಉಣ್ಣುವ ಮನೆಗಳಲ್ಲಿ ಹೆಂಗಸರು ತಾಟಿನಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಏನು ಉಂಡೆ ಎಂದರೆ ಒಂದು ರೊಟ್ಟಿ ಎನ್ನುತ್ತಾರಲ್ಲ, ಅದೇ ಲೆಕ್ಕ ಇದು.

ಸಿಕ್ಕಿತಲ್ಲ ಎಂಬ ಹುಮ್ಮಸ್ಸಿನಲ್ಲಿ ನಾನು ಖಾರವಾಗಿಯೇ ಹೇಳಿದೆ: “ನಾಳಿಂದ ಇದು ಮೋರಿಗೇ ಹೋಗಬೇಕು ಅಕ್ಕಾ. ನಿಮ್ಮ ಹೊಟ್ಟಿ ಮೋರಿ ಅಲ್ಲ.”

ಆಕೆ ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡಳು. ಕೊನೆಗೆ, “ತಮ್ಮನ ಸಲುವಾಗಿ ಹಾಕ್ತೇನಿ,” ಎಂದಳು.

ಅದಾಗಿ ಎರಡನೆಯ ದಿನ ತಮ್ಮನಿಗೆ ಡಯಾಲಿಸಿಸ್ ನಡೆಯುತ್ತಿರುವಾಗ ರಕ್ತದೊತ್ತಡ ದಿಢೀರನೆ ಕುಸಿಯಿತು. ಮೈ ಬೆವರಿ, ಕಣ್ಣು ಮೇಲೆ ಹೋದವು. ನಮ್ಮ ಟೆಕ್ನಿಶಿಯನ್ ಹಾಸಿಗೆಯ ಕಾಲ ಕಡೆಯನ್ನು ಎತ್ತರಿಸಿ, ಸಲೈನ್ ಏರಿಸಿ, ಯಂತ್ರವನ್ನು ನಿಧಾನಗೊಳಿಸಿದ. ಸ್ವಲ್ಪ ಹೊತ್ತಿಗೆ ತಮ್ಮ ಕಣ್ಣು ಬಿಟ್ಟ. ಕಾರಣ ನಮಗೆ ಗೊತ್ತಿತ್ತು. ಎಕಂಬಾದಲ್ಲಿ ಯಾರದೋ ಮದುವೆಗೆ ಹೋಗಿ ಉಪ್ಪಿನಕಾಯಿ ತಿಂದು, ಬಾಯಾರಿಕೆ ತಾಳದೆ ನೀರು ಕುಡಿದಿದ್ದ. ಮೈಯಲ್ಲಿ ತುಂಬಿದ್ದ ನೀರನ್ನೆಲ್ಲ ಒಂದೇ ಸಲಕ್ಕೆ ತೆಗೆಯುವಾಗ ಹೀಗಾಗುತ್ತದೆ.

ಸಂಜೆಯೊಳಗೆ ಅಕ್ಕ ಭಾಲ್ಕಿಯಿಂದ ಓಡಿ ಬಂದಳು. ತಮ್ಮನನ್ನು ನೋಡಿ, ನೇರ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು.

“ನಿನ್ನಿ ಪಹಿಲೇ ಸಲ ಹಾಲು ಮೋರಿಗಿ ಹಾಕ್ದೆ ಮೇಡಂ. ಇವತ್ತ ಹಿಂಗಾತು.”

ಉಪ್ಪಿನ ಕಥೆ ಹೇಳಿದೆ, ನೀರಿನ ಕಥೆ ಹೇಳಿದೆ. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಆಕೆ ಎಲ್ಲವನ್ನೂ ಕೇಳಿದಳು, ಒಂದನ್ನೂ ಒಪ್ಪಲಿಲ್ಲ. “ನೀವು ಓದಿದವ್ರು, ನಿಮ್ಗ ಹೆಚ್ಚು ತಿಳೀತದ. ಆದ್ರ ನನ್ನ ಕೈಲೆ ಮತ್ತ ಅದು ಆಗೂದಿಲ್ಲರಿ,” ಎಂದು ಹೋದಳು. ಮುಂದಿನ ಗುರುವಾರ ಬರಲಿಲ್ಲ. ಅದರಾಚೆಯ ಗುರುವಾರವೂ ಬರಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯವಾಯಿತು. ತಿಂಗಳುಗಳು ಹೋಗುತ್ತಿದ್ದವು, ಕೊನೆಯ ಸಲ ನೋಡಿದಾಗ ತೂಕ ಮೊದಲಿನ ಜಾಗಕ್ಕೇ ಬಂದು ನಿಂತಿತ್ತು.

ಒಂದು ದಿನ ಡಯಾಲಿಸಿಸ್ ನಡೆಯುತ್ತಿರುವಾಗ ತಮ್ಮನೇ ನನ್ನನ್ನು ಹಾಸಿಗೆಯ ಹತ್ತಿರ ಕರೆದ. ನಾಲಿಗೆ ಒಣಗದಿರಲಿ ಎಂದು ಬಾಯಲ್ಲಿ ಒಂದು ಮಂಜುಗಡ್ಡೆ ಚೂರು ಇಟ್ಟುಕೊಂಡಿದ್ದ. ನೀರಿನ ಬದಲು ನಾವು ಕೊಡುವುದೇ ಅದನ್ನು.

“ಮೇಡಂ, ಅಕ್ಕಗ ಬೈಬ್ಯಾಡ್ರಿ,” ಎಂದ. “ಆಕಿ ಆಸಿಬುರುಕಿ ಅಲ್ಲ. ಆಕಿಗಿ ತಿನ್ನೂದೇ ಗೊತ್ತಿಲ್ಲ.”

“ಅಂದ್ರ?”

“ನಾವು ಸಣ್ಣವ್ರಿದ್ದಾಗ ಚಿಂಚೋಳಿಗಿ ಸೈಕಲ್ ಮ್ಯಾಲ ಒಬ್ಬಾಂವ ಕುಲ್ಫಿ ಮಾರ್ಲಿಕ್ಕಿ ಬರ್ತಿದ್ದ. ಅವ್ವ ಒಂದೇ ಕೊಡಿಸ್ತಿದ್ದಳು. ಕಡ್ಡಿ ನನ್ನ ಕೈಯಾಗ. ಅಕ್ಕ ಕೆಳಗ ಅಂಗೈ ಹಿಡೀತಿದ್ದಳು. ಸೋರಿದ್ದು ಆಕಿಗಿ. ಮುಂದ ಆಕಿನೇ ಕುಲ್ಫಿ ಅಂಗಡಿ ಮಾಡಿದ್ರೂ ಇಡೀದು ಗಿರಾಕಿಗಿ, ಮುರಿದದ್ದು ಆಕಿಗಿ. ಜಲ್ಮದಾಗ ಆಕಿ ಒಂದು ಇಡೀ ಕುಲ್ಫಿ ತಿಂದಿಲ್ಲರಿ.”

ಮೂರು ತಿಂಗಳು ನಾನು ಕುಲ್ಫಿ ಬೇಡ, ಕುಲ್ಫಿ ಬೇಡ ಎಂದು ಬಡಿದುಕೊಂಡಿದ್ದೆ. ಬೇಡ ಎನ್ನುವ ಮಾತು ಆ ಹೆಂಗಸಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ಅದು ಅವಳಿಗೆ ರೂಢಿಯಾಗಿತ್ತು. ಕುಲ್ಫಿಯನ್ನು ಆಕೆಯ ಊಟದಿಂದ ತೆಗೆಯುವುದು ಸಾಧ್ಯವಿಲ್ಲ, ಏಕೆಂದರೆ ಅದು ಎಂದೂ ಊಟವಾಗಿ ಒಳಗೆ ಬಂದೇ ಇಲ್ಲ. ಮೊದಲು ಅದನ್ನು ಊಟದೊಳಗೆ ತರಬೇಕು. ಹಾಸಿಗೆಯ ಪಕ್ಕ ನಿಂತಲ್ಲೇ ತೀರ್ಮಾನಿಸಿದೆ: ಅಕ್ಕ ದಿನಾ ಒಂದು ಇಡೀ ಕುಲ್ಫಿ ತಿನ್ನಬೇಕು.

“ಮುರಿದದ್ದು ಏನು ಮಾಡೂದು? ಮೋರಿಗಂತೂ ಹಾಕೂದಿಲ್ಲ ಆಕಿ,” ಎಂದೆ.

ತಮ್ಮ ಸ್ವಲ್ಪ ಯೋಚಿಸಿದ. “ಹಾಲಿನಾಂವ ದಿನಾ ಮುಂಜಾನಿ ಬರ್ತಾನಲ್ಲರಿ. ಅವನ ಡಬ್ಬಿಗಿ ಹಾಕಿ ಕಳಿಸ್ಲಿ. ಹಿಂಡಿಗಿ ಕಲಸಿ ಎಮ್ಮಿಗಿ ಇಡ್ತಾನ. ಎಮ್ಮಿದು ಎಮ್ಮಿಗಿ ಹೋದ್ರ ಎಂಥಾ ದೋಷ?”

ಮುಂದಿನ ಗುರುವಾರ ನಾನೇ ಅಂಗಡಿಗೆ ಹೋದೆ. ಎಮ್ಮೆಯ ಮಾತನ್ನು ಅಕ್ಕ ಕೂಡಲೇ ಒಪ್ಪಿಕೊಂಡಳು. ಮುಖದ ಮೇಲಿನ ಭಾರವೇ ಇಳಿದಂತಾಯಿತು. ದಿನಾ ಒಂದು ಕುಲ್ಫಿ ತಿನ್ನಬೇಕೆಂಬ ಮಾತನ್ನು ಮಾತ್ರ ನಂಬಲಿಲ್ಲ. “ಚಾಷ್ಟಿ ಮಾಡಬ್ಯಾಡ್ರಿ ಮೇಡಂ,” ಎಂದಳು.

ನನಗೂ ಪೂರ್ತಿ ಧೈರ್ಯವಿರಲಿಲ್ಲ ಎನ್ನಬೇಕು. ನಾವು ಓದಿದ್ದು ಸಕ್ಕರೆ ಬಿಡಿ, ಕೊಬ್ಬು ಬಿಡಿ ಎಂದು. ಹಾಗಾಗಿ ಮೊದಲು ಆಕೆಗಾಗಿ ಬೇರೆಯೇ ಕುಲ್ಫಿ ಮಾಡಿಸಲು ಹೊರಟೆ. ಕೆನೆ ತೆಗೆದ ಹಾಲು, ಸಕ್ಕರೆ ಸೊನ್ನೆ, ಏಲಕ್ಕಿ ಮಾತ್ರ. ಅದು ಫ್ರೀಜರಿನಲ್ಲಿ ಕಲ್ಲಾಯಿತು. ಸಕ್ಕರೆ ಬರೀ ಸಿಹಿಗಲ್ಲ. ಹಾಲು ಪೂರ್ತಿ ಗಡ್ಡೆಕಟ್ಟದಂತೆ ತಡೆದು ಕುಲ್ಫಿಯನ್ನು ಮೆತ್ತಗಿಡುವುದೂ ಅದೇ. ಕಡ್ಡಿ ಎಳೆದರೆ ಕಡ್ಡಿಯೇ ಕೈಗೆ ಬಂತು. ಎರಡನೆಯ ಸಲ ಸಿಹಿ ಮಾತ್ರೆ ಕರಗಿಸಿ ಹಾಕಿದೆವು. ಆಗಲೂ ಕಲ್ಲು, ಜೊತೆಗೆ ನಾಲಿಗೆಯ ಮೇಲೆ ಕಹಿ. ಮೂರನೆಯ ಸಲ ಸೀತಾಫಲದ ತಿರುಳು ಹಾಕಿ ನೋಡೋಣವೆಂದರೆ ಅದರ ಕಾಲವಾಗಿರಲಿಲ್ಲ; ಬಾಳೆಹಣ್ಣು ಹಾಕಿದೆವು, ಕಪ್ಪಗಾಯಿತು. ಅಕ್ಕ ಒಂದು ಚೂರು ಬಾಯಿಗಿಟ್ಟುಕೊಂಡು, ನನ್ನ ಮನಸ್ಸು ನೋಯಬಾರದೆಂದು ನಿಧಾನವಾಗಿ ಹೇಳಿದಳು: “ಇದು ಬರ್ಫ್ ಆತ್ರಿ ಮೇಡಂ. ಕುಲ್ಫಿ ಆಗ್ಲಿಲ್ಲ.”

ಹಟ ಬಿಟ್ಟೆ. ಕುಲ್ಫಿಯನ್ನು ಬದಲಿಸುವುದು ಬೇಡ, ಅಳತೆ ಬದಲಿಸೋಣ ಎಂದುಕೊಂಡೆ. ಅಂಗಡಿಯ ಅಟ್ಟದಲ್ಲಿ ಗಂಡನ ಕಾಲದ ಸಣ್ಣ ಅಚ್ಚುಗಳಿದ್ದವು, ಮಕ್ಕಳ ಅಳತೆಯವು. ಈಗ ಅವನ್ನು ಯಾರೂ ಕೇಳುತ್ತಿರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುದಿಸಿ, ತುಂಬಿ ತೂಗಿದೆವು. ದೊಡ್ಡದರ ಅರ್ಧಕ್ಕಿಂತ ತುಸು ಕಡಿಮೆ ಬಂತು. ಅದೇ ಎಮ್ಮೆಯ ಹಾಲು, ಅದೇ ಸಕ್ಕರೆ. ಅದಕ್ಕೆ ಸರಿದೂಗಿಸಲು ಮಧ್ಯಾಹ್ನದ ರೊಟ್ಟಿಯಿಂದ ಅರ್ಧ ತೆಗೆದೆ, ಬೇಳೆ ಹಾಗೆಯೇ ಉಳಿಸಿದೆ. ಹಸಿದ ಹೊಟ್ಟೆಗೆ ಕುಲ್ಫಿ ಇಲ್ಲ. ಊಟವಾದ ಮೇಲೆ, ಅರ್ಧ ಷಟರ್ ಎಳೆದು, ಕೂತು, ತಾಟಿನಲ್ಲಿ ಇಟ್ಟುಕೊಂಡು, ಚಮಚದಿಂದ ತಿನ್ನಬೇಕು. ನಿಂತು ತಿಂದರೆ ಲೆಕ್ಕಕ್ಕಿಲ್ಲ. ಯಾರಿಗೂ ಪಾಲು ಕೊಡುವಂತಿಲ್ಲ. ಮುರಿದದ್ದೆಲ್ಲ ಹಾಲಿನವನ ಡಬ್ಬಿಗೆ.

ಮೊದಲ ದಿನ ನಾನು ಎದುರಿಗೇ ಕೂತಿದ್ದೆ. ಅಕ್ಕ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಕುಲ್ಫಿಯನ್ನು ಎರಡು ತುಂಡು ಮಾಡಿ, ಒಂದನ್ನು ನನ್ನ ಕಡೆ ಚಾಚಿದಳು. ಕೈ ತಾನಾಗಿಯೇ ಚಾಚಿತ್ತು. ನಾನು ಬೇಡವೆಂದು ತಲೆಯಲ್ಲಾಡಿಸಿದೆ. ಆಕೆ ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ, ನಿಧಾನವಾಗಿ ತಿಂದಳು.

“ಸಿಹಿ ಕಮ್ಮಿ ಅನಸ್ತದಲ್ಲರಿ,” ಎಂದಳು ಸ್ವಲ್ಪ ಹೊತ್ತಿನ ಮೇಲೆ.

“ಥಂಡಿ ಇದ್ದಾಗ ನಾಲಿಗಿಗಿ ಸಿಹಿ ಕಮ್ಮೀನೇ ತಿಳೀತದ ಅಕ್ಕಾ. ಕರಗಿದ ಮ್ಯಾಲ ಅದೇ ಹಾಲು ಹೆಚ್ಚು ಸಿಹಿ.”

“ಹಂಗಾದ್ರ ಜನ ತಿನ್ನೂ ಕುಲ್ಫಿ ಇದು. ನಾ ಇಷ್ಟು ದಿನ ಬ್ಯಾರೇನೇ ತಿಂತಿದ್ದೆ.” ಆಕೆಯ ಕಣ್ಣು ತುಂಬಿದ್ದವು. ತಮ್ಮನನ್ನು ನೆನೆದು ಅತ್ತಳೋ, ತನಗಾಗಿಯೇ ಅತ್ತಳೋ, ನಾನು ಕೇಳಲಿಲ್ಲ.

ಅಲ್ಲಿಂದ ಮುಂದೆ ತೂಕ ಇಳಿಯತೊಡಗಿತು. ಒಂದು ಇಡೀ ಕುಲ್ಫಿ ತನ್ನದೆಂದು ಗೊತ್ತಾದ ಮೇಲೆ ಮುರಿದ ತುಂಡಿನ ಕಡೆ ಕೈ ಹೋಗುವುದು ತಾನಾಗಿಯೇ ಕಡಿಮೆಯಾಯಿತು. ಪಾತ್ರೆಯ ತಳ ಕೆರೆಯುವುದಕ್ಕೆ ಮಾತ್ರ ಇನ್ನಷ್ಟು ದಿನ ಹಿಡಿಯಿತು. ಪಾತ್ರೆಗೆ ಕೂಡಲೇ ನೀರು ಹೊಯ್ದಿಡುವ ರೂಢಿ ಮಾಡಿಸಿದೆ. ನಡುವೆ ಒಂದು ತಿಂಗಳು ಜ್ವರ ಬಂದು ನಡಿಗೆ ತಪ್ಪಿತು, ತೂಕ ನಿಂತಿತು. ನಾನು ಬೈಯಲಿಲ್ಲ. ನಮ್ಮ ನರ್ಸುಗಳಿಗೆ ಆಶ್ಚರ್ಯವಾಗಿರಬೇಕು.

ತೂಕ ಇಳಿದದ್ದು ನನ್ನ ಯಂತ್ರಕ್ಕಿಂತ ಮುಂಚೆ ತಮ್ಮನಿಗೆ ಗೊತ್ತಾಗುತ್ತಿತ್ತು. ಅಕ್ಕನ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದವನು ಅವನೇ. ಆಕೆ ಸಡಿಲವಾದುವನ್ನು ಔರಾದಿಗೆ ಕಳಿಸಿದರೆ, ಅವನು ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಮತ್ತೆ ಹೊಲಿದು, ಡಯಾಲಿಸಿಸಿಗೆ ಬಂದಾಗ ನನಗೆ ವರದಿ ಒಪ್ಪಿಸುತ್ತಿದ್ದ. “ಈ ಸಲ ಎರಡೂ ಬಾಜೂ ಒಂದೊಂದು ಬೆರಳು ಒಳಗ ತಗೊಂಡೀನ್ರಿ ಮೇಡಂ.” ಹೇಳುವಾಗ ಅವನ ಮುಖದಲ್ಲಿ ಬದುಕುವ ಆಸೆ ಎದ್ದು ಕಾಣುತ್ತಿತ್ತು. ಮುಖ ಮಾತ್ರ ಬಿಳುಚಿಕೊಂಡಿತ್ತು. ಬಸ್ಸು ಇಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಡುನಡುವೆ ನಿಲ್ಲುತ್ತಿದ್ದ.

ಎಪ್ಪತ್ತಾರು ಕಿಲೋ ಮತ್ತು ಚಿಲ್ಲರೆ ಬಂದ ಗುರುವಾರ ನಾನೇ ಹೈದರಾಬಾದಿಗೆ ಫೋನು ಮಾಡಿದೆ. ಇನ್ನೊಂದೂವರೆ ಕಿಲೋ ಇಳಿದ ಕೂಡಲೇ ಕರೆತನ್ನಿ, ಬೇರೆ ತಯಾರಿ ನಾವು ಈಗಲೇ ಶುರು ಮಾಡುತ್ತೇವೆ ಎಂದರು. ಫೋನು ಕೆಳಗಿಟ್ಟಾಗ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಅಂದು ಬಸ್ಸಿನಲ್ಲಿ ಬೀದರಿಗೆ ಬರುವಾಗ ನಾನು ದಾರಿಯುದ್ದಕ್ಕೂ ಸಂತೋಷವಾಗಿದ್ದೆ.

ಎರಡು ವಾರವೂ ಕಳೆದಿರಲಿಲ್ಲ. ಬೆಳಿಗ್ಗೆ ಡಯಾಲಿಸಿಸ್ ವಿಭಾಗದ ಮುಂದೆ ಹೋಗುವಾಗ ತಮ್ಮನ ಹಾಸಿಗೆ ಖಾಲಿ ಇದ್ದದ್ದು ಕಂಡಿತು. ಬಸ್ಸು ತಡವಾಗಿರಬೇಕು ಎಂದುಕೊಂಡೆ. ಟೆಕ್ನಿಶಿಯನ್ ಕೈಗವಸು ತೆಗೆಯುತ್ತ ನನ್ನ ಹತ್ತಿರ ಬಂದ. “ಔರಾದ್ ವಾಲೇ ಭಾಯಿ ನಹೀಂ ರಹೇ ಮೇಡಂ,” ಎಂದ, ಮತ್ತೆ ಕನ್ನಡದಲ್ಲಿ ಹೇಳಿದ: “ರಾತ್ರಿ ಮನ್ಯಾಗೇ ಹೋಗ್ಯಾರಂತ. ಹಾರ್ಟ್.”

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೊರಗೆ ನರ್ಸುಗಳು ಮಾತನಾಡಿಕೊಳ್ಳುತ್ತಿದ್ದರು. ಆ ತೂಕದ ಯಂತ್ರದ ಮೇಲೆ, ಅದು ತೋರಿಸಿದ ಆ ಒಂದೂವರೆ ಕಿಲೋದ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ತಮ್ಮನ ಹೆಂಡತಿಗೆ ಫೋನು ಮಾಡಿ ನಾಲ್ಕು ಮಾತು ಆಡಿದೆ. ಅಕ್ಕನಿಗೆ ಮಾಡಲು ಆಗಲಿಲ್ಲ. ಏನು ಹೇಳುವುದು?

ಅದಾದ ಮೇಲೆ ಕೆಲವು ಗುರುವಾರಗಳು ಹೋದವು. ಒಂದು ಗುರುವಾರ ಭಾಲ್ಕಿಯಲ್ಲಿ ಹೊರರೋಗಿಗಳ ಸಾಲಿನ ಕೊನೆಗೆ ಅಕ್ಕ ನಿಂತಿದ್ದಳು. ಕೆನ್ನೆ ಒಳಗೆ ಹೋಗಿದ್ದವು. ಮೈಮೇಲಿನ ಜಂಪರು ಸಡಿಲವಾಗಿತ್ತು, ಒಳಗೆ ಹಿಡಿದು ಹೊಲಿಯುವವರು ಯಾರೂ ಇರಲಿಲ್ಲ. ನಾನು ಎದ್ದು ಹೋಗಿ ಒಳಗೆ ಕರೆದುಕೊಂಡು ಬಂದೆ.

“ಕೂಡ್ರಿ ಅಕ್ಕಾ. ಇನ್ನ ನೀವು ಬರಬೇಕಂತಿರಲಿಲ್ಲ.”

“ಗುರುವಾರ ಅದಲ್ಲರಿ,” ಎಂದಳು. ಕೂರಲಿಲ್ಲ. ಚಪ್ಪಲಿ ಬಿಟ್ಟು ಯಂತ್ರದ ಕಡೆ ನೋಡಿದಳು.

“ಊಟ ಮಾಡ್ತೀರೋ ಇಲ್ಲೋ?”

“ಸೂತಕದ ದಿನ ಬಿಟ್ಟು ಎಲ್ಲಾ ನೀವು ಹೇಳಿದಂಗೇ ಮಾಡೀನ್ರಿ. ಮಧ್ಯಾನ ಕೂತು ಒಂದು ಕುಲ್ಫೀನೂ ತಿಂತೇನಿ. ಗಂಟಲಾಗ ಇಳಿಯೂದಿಲ್ಲ, ಆದ್ರೂ ತಿಂತೇನಿ. ಬಿಟ್ರ ಅಂವ ಸಿಟ್ಟಾಗ್ತಿದ್ದ.”

ಆಕೆ ತಾನೇ ಹೋಗಿ ಯಂತ್ರದ ಮೇಲೆ ನಿಂತಳು. ನಾನು ಬಗ್ಗಿ ನೋಡಿದೆ. ಎಪ್ಪತ್ತನಾಲ್ಕೂವರೆ.

“ಆತೇನ್ರಿ?” ಎಂದಳು.

“ಆತು ಅಕ್ಕಾ.”

ಆಕೆ ಇಳಿಯಲಿಲ್ಲ. ಗೋಡೆಯನ್ನು ನೋಡುತ್ತ ಅಲ್ಲೇ ನಿಂತು ಕೇಳಿದಳು: “ಬೀದರದಾಗ ತಮ್ಮನ ಬಾಜೂಕ ಒಂದು ಹುಡುಗಿ ಮಲಗ್ತಿತ್ತಲ್ಲರಿ, ಕಮಠಾಣದ್ದು. ಅದಕ್ಕ ಕೊಡ್ಲಿಕ್ಕಿ ಬರ್ತದೇನ್ರಿ?”

ನಾನು ಆ ಹುಡುಗಿಯನ್ನು ನೆನೆದೆ, ಅವಳ ಕಡತವನ್ನು ನೆನೆದೆ, ನಿಯಮಗಳನ್ನು ನೆನೆದೆ. ಬೇರೆ ಉತ್ತರ ಇದ್ದಿದ್ದರೆ ಚೆನ್ನಾಗಿತ್ತು.

“ಹತ್ರದ ಸಂಬಂಧದವ್ರಿಗಿ ಅಷ್ಟೇ ಕೊಡ್ಲಿಕ್ಕಿ ಬರ್ತದ ಅಕ್ಕಾ. ಕಾಯ್ದಿ ಹಂಗದ.”

“ನಂಗ ಹತ್ರದಾಂವ ಅಂದ್ರ ಅಂವ ಒಬ್ಬನೇ ಇದ್ನಲ್ಲರಿ,” ಎಂದಳು ಅಕ್ಕ.

ನಾನು ಕೈ ಹಿಡಿದು ಆಕೆಯನ್ನು ಕೆಳಗಿಳಿಸಿದೆ.